ಕೇಳಿಸದೆ ಹೋದ ಸೋಬಾನೆ

ಕಳೆದ ವಾರ ಮಿಕ್ಸಿ ರಿಪೇರಿಗೆಂದು ಯಶವಂತಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಗೆ ಮೇಜಿನ ಮೇಲೆ ಯಾರದೋ ಹಳೇ ಆಂಪ್ಲಿಫೈಯರನ್ನು ಬಿಚ್ಚಿ ಆನ್ ಮಾಡಿಟ್ಟಿದ್ದರು. ಬಹಳ ಕಾಲ ಮುಚ್ಚಿಟ್ಟ ಯಂತ್ರ ಬಿಸಿಯಾಗುವಾಗ ಒಳಗಿನ ಧೂಳು ಕಾದು ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯಲ್ಲ, ಕಾವಲಿ ಬಿಸಿಯಾದ ಹಾಗೆ. ಅದು ಮೂಗಿಗೆ ಬಡಿದದ್ದೇ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಯಾಕಮ್ಮಾ, ತಲೆ ಸುತ್ತು ಬಂತಾ?" ಎಂದ ಅಂಗಡಿಯವನು.

"ಇಲ್ಲಪ್ಪ, ಬಿಸಿಲು" ಎಂದೆ. ಹೊರಗೆ ಮೋಡ ಕವಿದಿತ್ತು.

ಆ ವಾಸನೆ ಕೆಂಪಾಪುರದಲ್ಲಿ ನಮ್ಮ ಭಾವನ ಕೋಣೆಯದು. ನನ್ನ ಅಕ್ಕ ಜಯಲಕ್ಷ್ಮಿಯ ಕೊನೆಯ ಮಳೆಗಾಲದಲ್ಲಿ ನಾವೆಲ್ಲ ಆ ಕೋಣೆಯಲ್ಲೇ ಉಸಿರು ಬಿಗಿಹಿಡಿದು ಬದುಕಿದ್ದೆವು.

ನಾವಿಬ್ಬರೂ ಅಮೃತಹಳ್ಳಿಯವರು. ನಮ್ಮಪ್ಪನಿಗೆ ದ್ರಾಕ್ಷಿ ತೋಟವಿತ್ತು. ಗೊಂಚಲು ಕತ್ತರಿಸಿ ಬುಟ್ಟಿಗೆ ತುಂಬುವಾಗ ನಮ್ಮವ್ವ ಹಾಡುತ್ತಿದ್ದಳು. ಜಯಕ್ಕ ಚಿಕ್ಕವಳಿದ್ದಾಗಲೇ ಅವ್ವನ ಜೊತೆ ದನಿ ಸೇರಿಸುತ್ತಿದ್ದಳು. ನನಗೆ ಅದು ಬರಲಿಲ್ಲ. "ನೀನು ಬುಟ್ಟಿ ಹಿಡ್ಕೊಳೆ ಸಾಕು" ಎನ್ನುತ್ತಿದ್ದಳು ಅಕ್ಕ. ಅವಳನ್ನು ಕೆಂಪಾಪುರದ ನಾರಾಯಣಪ್ಪನವರಿಗೆ ಕೊಟ್ಟರು. ನಾನು ಓದಿ ಗಂಗಾನಗರದ ಶಾಲೆಯೊಂದರಲ್ಲಿ ಟೀಚರಾದೆ. ತೋಟಗಳು ಹೋಗಿ ಸೈಟುಗಳಾದವು. ಭಾವ ತಮ್ಮ ಪಾಲಿನ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿ ನೆಮ್ಮದಿಯಾಗಿದ್ದರು. ಕುಡಿತ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ಸೌಂಡು.

ಮೊದಲು ದೊಡ್ಡ ಕಪ್ಪು ತಟ್ಟೆಗಳನ್ನು ತಿರುಗಿಸುವ ಟರ್ನ್‌ಟೇಬಲ್ ಬಂತು. ಆಮೇಲೆ ಕ್ಯಾಸೆಟ್ ಡೆಕ್. ಆಮೇಲೆ ಸಿ.ಡಿ. ಪ್ಲೇಯರ್. ಅದರ ಹಿಂದೆಯೇ ಮಿನಿಡಿಸ್ಕ್ ಎಂಬ ಇನ್ನೊಂದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಕವಚದೊಳಗೆ ಪುಟ್ಟ ಬಿಲ್ಲೆ, ಮನೆಯಲ್ಲೇ ರೆಕಾರ್ಡ್ ಮಾಡಬಹುದು. ದುಬೈನಿಂದ ಬರುವ ಗೆಳೆಯನೊಬ್ಬನ ಕೈಲಿ ತರಿಸಿದ್ದರು. ಪ್ರತಿಸಲವೂ ಅವರ ಮಾತು ಒಂದೇ. "ಇದೇ ಕೊನೇದು ಕಣೆ ಜಯ. ಇದ್ಕಿಂತ ಒಳ್ಳೇದು ಇನ್ಮೇಲೆ ಬರಾಕಿಲ್ಲ." ಅಕ್ಕ ನಗುತ್ತಿದ್ದಳು. ಮಿನಿಡಿಸ್ಕ್ ಬಂದ ಗೌರಿ ಹಬ್ಬದ ಮಧ್ಯಾಹ್ನ, ಅದನ್ನು ಪರೀಕ್ಷೆ ಮಾಡಲೆಂದು ಭಾವ ಅವಳನ್ನು ಅಡಿಗೆಮನೆಯಿಂದ ಕರೆದು ಮೈಕಿನ ಮುಂದೆ ಕೂರಿಸಿದರು. ಕೈ ಒರೆಸಿಕೊಂಡು ಬಂದವಳು ಅವ್ವನ ಸೋಬಾನೆ ಹಾಡಿದಳು. ಮದುಮಗಳನ್ನು ಹಸೆಯ ಮೇಲೆ ಕೂರಿಸಿದಾಗ ಅವಳ ತಾಯಿ ಹಾಡುವ ಹಾಡು ಅದು. ನಾನೂ ಅಲ್ಲಿದ್ದೆ. ಶುರುವಿಗೇ ಕುಕ್ಕರ್ ಕೂಗಿತು, ನಡುವೆ ಪುಟ್ಟ ಮಗಳು ಮೇಘಾ ಓಡಿಬಂದು "ಅಮ್ಮಾ, ಹಸಿವು" ಎಂದಳು. ಅಕ್ಕ ಹಾಡು ನಿಲ್ಲಿಸದೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಳೆ ಸದ್ದೂ ಅದರಲ್ಲಿ ಸೇರಿಹೋಯಿತು.

ಅದಕ್ಕೂ ಮೊದಲು ಅಕ್ಕನ ಹಾಡುಗಳು ಒಂದು ಕ್ಯಾಸೆಟ್ಟಾಗಿ ಬಂದಿದ್ದವು. ಯಾವುದೋ ಸಣ್ಣ ಕಂಪನಿಯವರು ಊರೂರು ತಿರುಗಿ ಹಾಡುವವರನ್ನು ಹುಡುಕುತ್ತಿದ್ದ ಕಾಲ. ಸ್ಟುಡಿಯೋದಲ್ಲಿ ಹಾಡಿಸಿ, ಸೀರೆ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಿಸಿಕೊಂಡು ಕಳಿಸಿದ್ದರು. ಕ್ಯಾಸೆಟ್ಟಿನಲ್ಲಿ ಸೋಬಾನೆಗೆ ಕೀಬೋರ್ಡು, ಡ್ರಮ್ಮು ಎಲ್ಲ ಸೇರಿಸಿದ್ದರು. "ನಮ್ಮವ್ವನ ಹಾಡಿಗೆ ಬ್ಯಾಂಡ್‌ಸೆಟ್ ಕಟ್ಟವ್ರೆ" ಎಂದು ಅಕ್ಕ ಅದನ್ನು ಮತ್ತೆ ಕೇಳಲೇ ಇಲ್ಲ.

ಮೇಘಾ ಬೆಳೆದು ಮದುವೆಗೆ ಬಂದ ವರ್ಷ, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಕ್ಕನ ದನಿ ಒಡೆಯಿತು. ಧೂಳೆಂದುಕೊಂಡೆವು, ಕಷಾಯ ಕುಡಿಸಿದೆವು. ಕೊನೆಗೆ ಆಸ್ಪತ್ರೆಗೆ ಹೋದಾಗ ವೈದ್ಯರು ಸುತ್ತಿ ಬಳಸಿ ಹೇಳಲಿಲ್ಲ. ಗಂಟಲಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ. ಭಾವ ಗೋಡೆ ಹಿಡಿದುಕೊಂಡರು. ಅಕ್ಕ ಮಾತ್ರ ಒಡಕು ದನಿಯಲ್ಲಿ, "ತೆಗೀರಿ ಡಾಕ್ಟ್ರೇ. ಮಗಳ ಮದ್ವೆ ನೋಡ್ಬೇಕು ನಾನು" ಎಂದಳು. ಮೇಘಾಳಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು.

ಆಪರೇಷನ್ನಿಗೆ ಕರೆದೊಯ್ಯುವಾಗ ನಾನು ಸ್ಟ್ರೆಚರ್ ಪಕ್ಕ ನಡೆಯುತ್ತಿದ್ದೆ. ಬಾಗಿಲ ಹತ್ತಿರ ಅಕ್ಕ ಕೈಸನ್ನೆ ಮಾಡಿದಳು. ಬಗ್ಗಿದೆ. "ಶಾರದಾ, ನನ್ನ ಚಪ್ಪಲಿ ತೆಗೆದಿಡೆ" ಎಂದಳು. ಅವಳ ದನಿಯಲ್ಲಿ ಲೋಕ ಕೇಳಿದ ಕೊನೆಯ ಮಾತು ಅದೇ.

ಆಮೇಲೆ ಮನೆಯಲ್ಲಿ ಒಂದು ಸ್ಲೇಟು ಬಂತು. ಮಾತಿನ ಬದಲು ಬಳಪ. ಕತ್ತಿಗೆ ಒತ್ತಿ ಹಿಡಿದರೆ ಗುಂಯ್‌ಗುಡುತ್ತಾ ಮಾತಾಡಿಸುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಒಮ್ಮೆ ಹಚ್ಚಿ, ತನ್ನ ಬಾಯಿಂದ ಬಂದ ಆ ಸದ್ದು ಕೇಳಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟುಬಿಟ್ಟಳು. ಮದುವೆ ಶ್ರಾವಣಕ್ಕೆ ನಿಶ್ಚಯವಾದ ದಿನ ಸ್ಲೇಟಿನ ಮೇಲೆ ಬರೆದಳು: "ಸೋಬಾನೆ ಯಾರು?"

ಭಾವ ಥಟ್ಟನೆ ಎದ್ದರು. "ಐತೆ ಕಣೆ! ನಿನ್ನ ದನಿ ನನ್ನತ್ರ ಐತೆ!"

ಬಿಲ್ಲೆ ಸಿಕ್ಕಿತು. ಅದನ್ನು ಓದುವ ಯಂತ್ರ ಕೈಕೊಟ್ಟಿತ್ತು. ಆ ಕಾಲದ ಹುಚ್ಚೆಲ್ಲ ಇಳಿದು, ಅಂಥ ಬಿಲ್ಲೆಯನ್ನೂ ಯಂತ್ರವನ್ನೂ ಮಾಡುವುದನ್ನೇ ಕಂಪನಿಗಳು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಆಷಾಢದ ಗಾಳಿಮಳೆಯಲ್ಲಿ ಭಾವ ಕೆಟ್ಟ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯೆಲ್ಲ ಅಲೆದರು. ಹೆಬ್ಬಾಳದ ಫ್ಲೈಓವರ್ ಮೇಲೆ ಗಂಟೆಗಟ್ಟಲೆ ಸಿಕ್ಕಿಕೊಂಡು ತೊಯ್ದು ಮನೆಗೆ ಬರುತ್ತಿದ್ದರು. ಕೋಣೆಯಲ್ಲಿ ಕುಳಿತು ಇದ್ದಬದ್ದ ಯಂತ್ರಗಳನ್ನೆಲ್ಲ ಆನ್ ಮಾಡುತ್ತಿದ್ದರು, ಯಾವುದಾದರೂ ಒಂದು ದಾರಿ ತೋರಿಸೀತು ಎನ್ನುವ ಹಾಗೆ. ಕಾದ ಧೂಳಿನ ವಾಸನೆ ಮನೆಯೆಲ್ಲ ತುಂಬುತ್ತಿತ್ತು. "ಇಷ್ಟೊಂದು ಮಿಷನ್ನು ಮಡಗಿವ್ನಿ ಶಾರದಮ್ಮ, ಒಂದ್ರಲ್ಲೂ ಅವಳ ದನಿ ಓಡ್ತಿಲ್ವಲ್ಲ" ಎಂದು ನನ್ನ ಮುಂದೆ ಅತ್ತರು. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊನೆಗೆ ಯಲಹಂಕದ ಒಬ್ಬ ನಿವೃತ್ತ ವಾಯುಪಡೆ ಅಧಿಕಾರಿಯ ಬಳಿ ಕೈಯಲ್ಲಿ ಹಿಡಿಯುವಂಥ ಪ್ಲೇಯರ್ ಇದೆಯೆಂದು ಗೊತ್ತಾಯಿತು. ಅವರೇ ತಂದುಕೊಟ್ಟರು. ಮೇಘಾ ಅದರಿಂದ ತನ್ನ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿದಳು. ಮೊದಲು ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅಕ್ಕ. ನಾನು ಹಾಡು ಕೇಳುತ್ತಾ ಅವಳ ಮುಖ ನೋಡುತ್ತಿದ್ದೆ. ತನ್ನ ದನಿಗೆ ಅವಳು ತಲೆದೂಗುತ್ತಿರಲಿಲ್ಲ. ಬೇರೆ ಯಾರನ್ನೋ ಬಾಗಿಲಲ್ಲಿ ಕಂಡವಳಂತೆ ನೆಟ್ಟ ನೋಟದಲ್ಲಿ ಕುಳಿತಿದ್ದಳು. "ಅಮ್ಮಾ, ಹಸಿವು" ಎಂಬ ಮಾತು ಬಂದಾಗ ಮದುವೆಗೆ ನಿಂತ ಮಗಳನ್ನು ಹತ್ತಿರ ಕರೆದು ತಬ್ಬಿಕೊಂಡಳು.

ಅಲ್ಲಿಗೆ ಕಷ್ಟ ಮುಗಿಯಿತೆಂದುಕೊಂಡೆವು.

ಮದುವೆಯನ್ನು ಇಂಟರ್‌ನೆಟ್ಟಿನಲ್ಲಿ ನೇರಪ್ರಸಾರ ಮಾಡಬೇಕೆಂದು ಗಂಡಿನ ಕಡೆಯವರು ಕೇಳಿದ್ದರು, ಅವರ ನೆಂಟರು ಹೊರದೇಶದಲ್ಲಿದ್ದರು. ವಿಡಿಯೊ ಮಾಡುವ ಹುಡುಗ ಮೇಘಾಳಿಗೆ, "ಮೇಡಂ, ಹಾಡು ಹಾಕೋದಾದ್ರೆ ಮೊದ್ಲೇ ಒಂದ್ಸಲ ಅಪ್‌ಲೋಡ್ ಮಾಡಿ ಚೆಕ್ ಮಾಡ್ಬಿಡಿ. ಕಾಪಿರೈಟ್ ಇದ್ರೆ ಲೈವ್ ಕಟ್ ಆಗುತ್ತೆ" ಎಂದ.

"ನಮ್ಮಮ್ಮ ನಮ್ಮನೇಲಿ ಹಾಡಿರೋದಕ್ಕೆ ಯಾರದು ಗುರು ಕಾಪಿರೈಟ್?" ಎಂದು ಮೇಘಾ ನಕ್ಕಳು. ಆದರೂ ನಿಶ್ಚಿತಾರ್ಥದ ಫೋಟೊಗಳಿಗೆ ಆ ಹಾಡನ್ನು ಜೋಡಿಸಿ ಹಾಕಿದಳು. ಕಾಫಿ ಕುಡಿದು ಬರುವಷ್ಟರಲ್ಲಿ ವಿಡಿಯೊದ ಸದ್ದು ಹೋಗಿತ್ತು. ಕೆಳಗೆ ಒಂದು ಸೂಚನೆ. ಈ ಹಾಡು ಇಂಥ ಕಂಪನಿಗೆ ಸೇರಿದ್ದು.

ಆ ಸಣ್ಣ ಕ್ಯಾಸೆಟ್ ಕಂಪನಿ ಯಾವತ್ತೋ ಮುಚ್ಚಿ, ಅದರ ಹಾಡುಗಳನ್ನೆಲ್ಲ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತ್ತು. ಕ್ಯಾಸೆಟ್ಟಿನಲ್ಲಿದ್ದದ್ದು ಸಿ.ಡಿ.ಯಾಗಿ, ಸಿ.ಡಿ.ಯಲ್ಲಿದ್ದದ್ದು ಇಂಟರ್‌ನೆಟ್ಟಿಗೆ ಹೋಗಿತ್ತು. ರಾಗ ಸಂಯೋಜನೆ ಎಂಬಲ್ಲಿ ಆ ಕ್ಯಾಸೆಟ್ಟಿಗೆ ಕೀಬೋರ್ಡು ನುಡಿಸಿದವನ ಹೆಸರಿತ್ತು. ಅದೇ ದನಿ, ಅದೇ ರಾಗ ಕೇಳಿದ ಕೂಡಲೇ ಕಂಪ್ಯೂಟರ್ ಹಿಡಿದುಹಾಕಿತ್ತು.

ಮೇಘಾ ತಕರಾರು ಸಲ್ಲಿಸಿದಳು. ತಿರಸ್ಕಾರವಾಯಿತು. ಮತ್ತೆ ಸಲ್ಲಿಸಿದಳು. ಈ ಸಲ ಕಂಪನಿಯ ವಕೀಲರಿಂದ ಮಿಂಚಂಚೆ ಬಂತು, ಮುಂದುವರಿದರೆ ಕಾನೂನು ಕ್ರಮ ಎಂದು. ಫೋನ್ ಮಾಡೋಣವೆಂದರೆ ಎತ್ತಿ ಮಾತಾಡುವ ಮನುಷ್ಯನೇ ಇಲ್ಲ. ಭಾವ ಹೆದರಿಬಿಟ್ಟರು. ಜಮೀನಿನ ವ್ಯಾಜ್ಯದಲ್ಲಿ ಕೋರ್ಟು ಅಲೆದು ಸೋತ ಜೀವ ಅದು. "ಯಾರಿಗೂ ಆ ಆಡು ಕಳಿಸ್ಬೇಡ್ರವ್ವ. ಫೋನಾಗೆ ಯಾರೂ ಮಡಿಕೋಬೇಡಿ. ಮದ್ವೆ ಮನೇಗೆ ಪೋಲೀಸ್ ಬಂದ್ರೆ ಏನ್ ಗತಿ?" ಎಂದು ನಮಗೆಲ್ಲ ತಾಕೀತು ಮಾಡಿದರು. ಮೇಘಾ ನನಗೆ ಕಳಿಸಿದ್ದನ್ನು ನಾನೂ ಅಳಿಸಿದೆ.

ಆದರೆ ಅಕ್ಕ ಬಿಡಲಿಲ್ಲ. "ಅವರ ಹತ್ರ ಹೋಗೋಣ" ಎಂದು ಬರೆದಳು.

ಆ ಕಂಪನಿಯ ಬೆಂಗಳೂರಿನ ಕಚೇರಿ ಇದ್ದದ್ದು ಯಶವಂತಪುರದ ಆಚೆ, ಗಾಜಿನ ಕಟ್ಟಡವೊಂದರ ಮೇಲ್ಮಹಡಿಯಲ್ಲಿ. ನಾವು ನಾಲ್ವರೂ ಹೋದೆವು. ಅಕ್ಕ ಕತ್ತಿಗೆ ಹೂವಿನ ಚಿತ್ತಾರದ ಸ್ಕಾರ್ಫ್ ಸುತ್ತಿಕೊಂಡು ಸ್ಲೇಟನ್ನು ಚೀಲದಲ್ಲಿಟ್ಟುಕೊಂಡಿದ್ದಳು. ತುಂಬ ಹೊತ್ತು ಕೂರಿಸಿದ ಮೇಲೆ ಒಬ್ಬ ಯುವಕ ಬಂದ. ಒರಟನಲ್ಲ. ನಮಗೆಲ್ಲ ನೀರು ತರಿಸಿದ, ಮೇಘಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ನೋಡಿ ಮೇಡಂ, ಅಮ್ಮಾವ್ರು ಆಗ ಅಗ್ರಿಮೆಂಟ್‌ಗೆ ಸೈನ್ ಮಾಡಿದಾರೆ. ಆ ರೆಕಾರ್ಡಿಂಗ್ ನಮ್ದು."

"ಆ ರೆಕಾರ್ಡಿಂಗ್ ಇಟ್ಕೊಳ್ಳಿ ಸರ್. ಇದು ಬೇರೆ. ಮನೇಲಿ ಹಾಡಿರೋದು. ಕುಕ್ಕರ್ ಸೌಂಡ್ ಕೇಳ್ಸುತ್ತೆ, ನನ್ನ ವಾಯ್ಸ್ ಇದೆ."

"ಅದೆಲ್ಲ ಆಮೇಲೆ ಸೇರಿಸ್ಬಹುದು ಮೇಡಂ. ಈಗ ಸಾಫ್ಟ್‌ವೇರಲ್ಲಿ ಮ್ಯೂಸಿಕ್ ತೆಗೆದು ವಾಯ್ಸ್ ಮಾತ್ರ ಉಳಿಸ್ತಾರೆ. ದಿನಾ ಇಂಥ ಕೇಸ್ ನೋಡ್ತೀವಿ ನಾವು." ಆಮೇಲೆ, ನಮ್ಮ ಮುಖ ನೋಡಿಯೋ ಏನೋ, ಸ್ವಲ್ಪ ಮೆತ್ತಗಾದ. "ಒಂದು ಕೆಲ್ಸ ಮಾಡೋಣ. ಅಮ್ಮಾವ್ರು ಬಂದೇ ಇದಾರಲ್ಲ. ಪಕ್ಕದಲ್ಲೇ ನಮ್ಮ ರೆಕಾರ್ಡಿಂಗ್ ಬೂತ್ ಇದೆ. ಮ್ಯೂಸಿಕ್ ಇಲ್ದೆ ಹೇಗೆ ಹಾಡ್ತಾರೆ ಅಂತ ಒಂದ್ಸಲ ಹಾಡಿಬಿಡ್ಲಿ. ಎರಡನ್ನೂ ಹೋಲಿಸಿ ನಾನೇ ಮೇಲಕ್ಕೆ ಬರೀತೀನಿ." ಅಕ್ಕನ ಕಡೆ ತಿರುಗಿ ನಕ್ಕು, "ಒಂದೇ ಒಂದು ನುಡಿ ಸಾಕು ಅಮ್ಮ" ಎಂದ.

ಭಾವ ತಲೆ ತಗ್ಗಿಸಿದರು. ಅಕ್ಕ ನಿಧಾನವಾಗಿ ಸ್ಕಾರ್ಫಿನ ಗಂಟು ಬಿಚ್ಚಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಕತ್ತಿನ ತೂತು ಅವಳ ಉಸಿರಿನೊಂದಿಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ಯುವಕನ ಮುಖದ ನಗು ಅಲ್ಲೇ ನಿಂತು ಆಮೇಲೆ ಇಳಿದುಹೋಯಿತು. ಕುರ್ಚಿಯಿಂದ ಎದ್ದು ನಿಂತ.

ಅಕ್ಕ ಸ್ಲೇಟು ತೆಗೆದು ಬರೆದು ಅವನತ್ತ ತಿರುಗಿಸಿದಳು. "ಹಾಡು ನಮ್ಮವ್ವಂದು. ದನಿ ನಂದು. ನಿಮ್ಮದು ಯಾವುದಪ್ಪ?"

"ನಂಗ್ ಗೊತ್ತಿರ್ಲಿಲ್ಲ ಅಮ್ಮ" ಎಂದ ಅವನು. ಬಾಗಿಲವರೆಗೂ ಬಂದು, "ಡಿಸೈಡ್ ಮಾಡೋರು ಬಾಂಬೆ ಆಫೀಸ್‌ನೋರು. ಇವತ್ತೇ ಬರೀತೀನಿ. ಮದ್ವೆ ಹೊತ್ತಿಗೆ ಕ್ಲಿಯರ್ ಮಾಡಿಸ್ತೀನಿ" ಎಂದು ಮಾತು ಕೊಟ್ಟ. ಅವನು ಬರೆದೇ ಬರೆದನೆಂದು ಈಗಲೂ ನಂಬುತ್ತೇನೆ. ಆ ಮಾತಿನ ಮೇಲೆ ಭಾವನಿಗೂ ಧೈರ್ಯ ಬಂದು, ಮದುವೆಯಲ್ಲಿ ಹಾಡು ಹಾಕುವುದೆಂದೇ ಆಯಿತು.

ಶ್ರಾವಣ ಹುಟ್ಟಿತು. ಮಳೆ ಬಿಡಲೇ ಇಲ್ಲ. ಮನೆಗೆ ಸುಣ್ಣ ಬಣ್ಣ, ಜವಳಿ, ಲಗ್ನಪತ್ರಿಕೆ ಹಂಚುವ ಓಡಾಟ. ಇದರ ನಡುವೆ ಅಕ್ಕನಿಗೆ ನೆಗಡಿಯೆಂದು ಶುರುವಾದದ್ದು ಎದೆಗಿಳಿಯಿತು. ಮೂಗಿನ ಮೂಲಕ ಉಸಿರಾಡುವವರಿಗಿರುವ ಕಾವಲು ಅವಳಿಗಿರಲಿಲ್ಲ. ತಣ್ಣನೆ ಗಾಳಿ, ಧೂಳು ಎಲ್ಲ ನೇರ ಎದೆಗೆ. ಚಪ್ಪರದ ದಿನವೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೇಘಾ ಹಚ್ಚಿದ್ದ ಅರಿಶಿನ ಒಣಗುವ ಮೊದಲೇ ಓಡಿಬಂದು, "ಮದ್ವೆ ಮುಂದಕ್ಕೆ ಹಾಕೋಣ ಅಮ್ಮ" ಎಂದು ಮಂಚದ ಕಂಬಿ ಹಿಡಿದು ಅತ್ತಳು. ಅಕ್ಕ ಸ್ಲೇಟಿನ ತುಂಬ ಒಂದೇ ಅಕ್ಷರ ಬರೆದಳು, ದೊಡ್ಡದಾಗಿ: "ಬೇ". ಪೂರ್ತಿ ಮಾಡಲು ಕೈಯಲ್ಲಿ ಶಕ್ತಿಯಿರಲಿಲ್ಲ. "ಬೇಡ" ಎಂದು ನಾವೇ ಓದಿಕೊಂಡೆವು. ಬೆರಳಿನಿಂದ ನನ್ನನ್ನು ತೋರಿಸಿದಳು. ನಾನು ಅವಳ ಜೊತೆ ಉಳಿಯುವುದೆಂದಾಯಿತು.

ಮುಹೂರ್ತದ ಬೆಳಿಗ್ಗೆ ಅವಳಿಗೆ ತಲೆ ಬಾಚಿ, ಹೊಸ ಸೀರೆಯನ್ನು ಹೊದಿಕೆಯ ಮೇಲೆ ಹರವಿದೆ. ಎದುರಿಗೆ ಊಟದ ಮೇಜಿನ ಮೇಲೆ ನನ್ನ ಫೋನ್ ನಿಲ್ಲಿಸಿದೆ. ಛತ್ರ ಕಾಣಿಸಿತು. ಓಲಗ ಕೇಳಿಸಿತು. ಭಾವ ಪೇಟ ಸುತ್ತಿಕೊಂಡು ಕ್ಯಾಮೆರಾ ಕಡೆ ನೋಡಿ ಕೈಯೆತ್ತಿದರು. ಅದು ಅಕ್ಕನಿಗೆ. ಅವಳೂ ಸೂಜಿ ಚುಚ್ಚಿದ ಕೈಯನ್ನು ಎತ್ತಿದಳು. ಆಮೇಲೆ ಮೇಘಾಳನ್ನು ಕರೆತಂದು ಹಸೆಯ ಮೇಲೆ ಕೂರಿಸಿದರು. ಓಲಗ ನಿಂತಿತು. ಭಾವ ಪಕ್ಕಕ್ಕೆ ಬಗ್ಗಿ ಹಾಡು ಹಚ್ಚುವುದು ಕಂಡಿತು.

ಕುಕ್ಕರಿನ ಸೀಟಿ ಕೇಳಿಸಿತು. ಅಕ್ಕನ ದನಿ ಒಂದು ಸಾಲು ಬಂತು. ಚಿತ್ರ ನಿಂತುಹೋಯಿತು. ಪರದೆ ಕಪ್ಪಾಗಿ, ಪ್ರಸಾರ ಸ್ಥಗಿತವಾಗಿದೆಯೆಂದು ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು. ಅದರ ಕೆಳಗೆ ಆ ಕಂಪನಿಯ ಹೆಸರು.

ನೆಟ್‌ವರ್ಕ್ ಹೋಗಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಮುಚ್ಚಿ ತೆರೆದೆ. ಮತ್ತೆ ಅದೇ ಕಪ್ಪು. ಭಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಿಡಿಯೊದ ಹುಡುಗನಿಗೆ ಮಾಡಿದೆ, ಬ್ಯುಸಿ. ಭಾವನ ತಮ್ಮನಿಗೆ ಮಾಡಿದೆ. ಧಾರೆಯ ಹೊತ್ತಿನಲ್ಲಿ ಯಾರ ಫೋನ್ ಯಾರ ಜೇಬಿನಲ್ಲಿ ಕೂಗಿದರೆ ಯಾರಿಗೆ ಕೇಳಿಸೀತು? ಕಾರಿಡಾರಿಗೆ ಓಡಿದೆ, ಸಿಗ್ನಲ್ ಸಿಕ್ಕೀತೆಂದು ಕಿಟಕಿಯ ಬಳಿ ನಿಂತೆ, ಸಿಗ್ನಲ್ಲಿಗೆ ಏನೂ ಆಗಿಲ್ಲವೆಂದು ಗೊತ್ತಿದ್ದೂ. ಅಲ್ಲಿ ಛತ್ರದಲ್ಲಿ ನನ್ನಕ್ಕನ ದನಿ ನೂರಾರು ಜನರಿಗೆ ಕೇಳಿಸುತ್ತಿತ್ತು. ಅವಳೊಬ್ಬಳಿಗೆ ಇಲ್ಲ.

ಒಳಗೆ ಬಂದಾಗ ಅಕ್ಕ ಫೋನನ್ನು ಕೈಗೆ ತೆಗೆದುಕೊಂಡಿದ್ದಳು. ಅಷ್ಟು ಇಂಗ್ಲಿಷು ಅವಳಿಗೆ ಬರುತ್ತಿತ್ತು. ಕಂಪನಿಯ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಉಜ್ಜುತ್ತಿದ್ದಳು, ಕಿಟಕಿಯ ಗಾಜಿಗೆ ಅಂಟಿದ ಕಲೆಯನ್ನು ತೆಗೆಯುವ ಹಾಗೆ. ನನ್ನನ್ನು ನೋಡಿ ಕೈಬಿಟ್ಟಳು. ಅವಳು ಅಳುತ್ತಿದ್ದಳು. ಅವಳಿಗೆ ಅಳುವುದಕ್ಕೂ ಸದ್ದಿರಲಿಲ್ಲ. ಕತ್ತಿನ ತೂತಿನಿಂದ ಗಾಳಿ ಮಾತ್ರ ಬುಸುಗುಡುತ್ತಿತ್ತು.

ಆಗ ಏನಾಯಿತೋ, ನಾನು ಹಾಡಿದೆ. ಯೋಚಿಸಿ ಮಾಡಿದ್ದಲ್ಲ. ಜನ್ಮದಲ್ಲಿ ಯಾರೆದುರೂ ಹಾಡಿದವಳಲ್ಲ.

*ಹಸೆಯ ಮ್ಯಾಲೆ ಕುಂತ ಮಗಳೆ ಹಿಂದೆ ತಿರುಗಿ ನೋಡಬ್ಯಾಡ*
*ಕೆರೆಯ ಏರಿ ದಾಟೋ ತನಕ ಅವ್ವ ನಿಂತೆ ಇರುತಾಳೆ*

ದನಿ ಎಲ್ಲೆಲ್ಲಿಗೋ ಹೋಯಿತು. ಪಕ್ಕದ ಮಂಚದ ಹೆಂಗಸು ತಿರುಗಿ ನೋಡಿದಳು. ನರ್ಸ್ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಅಕ್ಕ ಕೈ ಚಾಚಿದಳು. ನಿಲ್ಲಿಸು ಎನ್ನುತ್ತಿದ್ದಾಳೆಂದುಕೊಂಡೆ. ಅಲ್ಲ, ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟಳು. ಜ್ವರದ ಕೈ, ಸುಡುತ್ತಿತ್ತು. ನನ್ನ ಗಂಟಲು ಅದುರುವುದನ್ನು ಅಂಗೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಒಂದೊಂದು ಮಾತಿಗೂ ತುಟಿ ಆಡಿಸಿದಳು. ನಾನು ಮರೆತ ಕಡೆ ಅವಳ ತುಟಿ ನೋಡಿ ಮುಂದಿನ ಸಾಲು ಹಿಡಿದೆ. ಹಾಗೆಯೇ ಪೂರ್ತಿ ಹಾಡಿದೆವು.

ಅಕ್ಕ ಮನೆಗೆ ಬರಲಿಲ್ಲ. ಮೇಘಾ ಮದುಮಗಳ ಸೀರೆಯಲ್ಲೇ ಬಂದು ಆಶೀರ್ವಾದ ತೆಗೆದುಕೊಂಡಳು, ಅಷ್ಟಾಯಿತು. ಗೌರಿ ಹಬ್ಬ ಇನ್ನೂ ಬಂದಿರಲಿಲ್ಲ, ಆಗಲೇ ಎಲ್ಲ ಮುಗಿದಿತ್ತು.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಘಾ ಫೋನ್ ಹಿಡಿದು ಕೋಣೆಗೆ ಬಂದಳು. ಭಾವ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದರು. ಕಂಪನಿಯಿಂದ ಸುದ್ದಿ ಬಂದಿತ್ತು. ಪರಿಶೀಲನೆಯ ನಂತರ ಹಕ್ಕುಸಾಧನೆಯನ್ನು ಹಿಂತೆಗೆದುಕೊಂಡಿದ್ದೇವೆ. ಒಂದೇ ಸಾಲು.

"ಈಗ ಹಾಕ್ಬಹುದಂತೆ ಅಪ್ಪ" ಎಂದಳು ಮೇಘಾ. ಅವಳ ದನಿಯಲ್ಲಿ ಜೀವವಿರಲಿಲ್ಲ.

"ಈಗ ಯಾರಿಗವ್ವ?" ಎಂದರು ಭಾವ.

ಮೇಘಾ ಹೊರಗೆ ಹೋದಳು. ನಾನೂ ಎದ್ದೆ. ಭಾವ ತಡೆದರು.

"ಶಾರದಮ್ಮ, ಆವತ್ತು ಆಸ್ಪತ್ರೇಲಿ ನೀನೇ ಆಡ್ದೆ ಅಂತ ನರ್ಸಮ್ಮ ಏಳ್ತಿದ್ಲು. ದಿಟ್ವಾ?"

"ಹೂಂ ಭಾವ."

"ಪೂರ್ತಿ ಆಡ್ದಾ?"

"ಪೂರ್ತಿ ಹಾಡ್ದೆ. ತುಟಿ ಆಡಿಸ್ತಾ ಜೊತೇಲೇ ಇದ್ಲು."

ಭಾವ ನನ್ನ ಮುಖ ನೋಡಿ ಕೇಳಿದರು, "ಮುಗಿದ್ಮೇಲೆ ಏನಾರಾ ಅಂದ್ಲಾ?"

ಅಂದಿದ್ದಳು. ಕಣ್ಣು ತೆರೆದು, ನನ್ನ ಗಂಟಲಿನಿಂದ ಕೈ ತೆಗೆಯದೆ, ನನಗೆ ಗೊತ್ತಾಗಲೆಂದು ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದ್ದಳು.

"ಶ್ರುತಿನೇ ಇಲ್ಲ ಕಣೆ ಅಂದ್ಲು" ಎಂದೆ.

ಭಾವ ಜೋರಾಗಿ ನಕ್ಕುಬಿಟ್ಟರು. "ಅಂತಾಳೆ! ಅವಳು ಅಂದೇ ಅಂತಾಳೆ!" ಎನ್ನುತ್ತಾ ತೊಡೆ ತಟ್ಟಿಕೊಂಡರು. ಆ ನಗು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ. ನಾನು ಹತ್ತಿರ ಹೋಗಿ, ಅವರ ಪಕ್ಕದಲ್ಲೇ ನೆಲದ ಮೇಲೆ ಕುಳಿತುಕೊಂಡೆ.